ಉಬ್ಬದ ರೊಟ್ಟಿ

ವೆಲಿಕಾ ಮತ್ತೊಮ್ಮೆ ಬಟ್ಟೆ ಸರಿಸಿ ಹಿಟ್ಟಿನ ಮೇಲೆ ಬೆರಳೊತ್ತಿದಳು. ಗುಳಿ ಹಾಗೇ ಉಳಿಯಿತು. ನಸುಕಿನಲ್ಲಿ ಅಕ್ಕನ ಒಲೆಯ ಪಕ್ಕದಲ್ಲೇ ಹುಳಿಹಿಟ್ಟು ಬೆರೆಸಿ ಕಲಸಿಟ್ಟದ್ದು. ಹೊತ್ತೇರಿದರೂ ಕಲ್ಲಿನಂತೆ ಕೂತಿತ್ತು.

ಪಕ್ಕದ ಕೋಣೆಯಲ್ಲಿ ಅಕ್ಕ ಸ್ತಾಮೆನಾ ಎದೆಯ ಮೇಲೆ ಕೈ ಜೋಡಿಸಿಕೊಂಡು ಮಲಗಿದ್ದಳು. ಅವಳನ್ನು ಮಣ್ಣು ಮಾಡಿದ ಮೇಲೆ ಬಂದವರಿಗೆಲ್ಲ ರೊಟ್ಟಿ ಮುರಿದು ಹಂಚಬೇಕು. ತಿಂದವರು ‘ದೇವರು ಕ್ಷಮಿಸಲಿ’ ಅನ್ನಬೇಕು. ಆ ಮಾತೇ ಸತ್ತವರ ದಾರಿಯ ಬುತ್ತಿ.

“ಅವಳಿಗೆ ನನ್ನ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ,” ಅಂದಳು ವೆಲಿಕಾ.

“ಹೌದಮ್ಮ, ಸತ್ತ ಮೇಲೆ ನಿನ್ನ ಹಿಟ್ಟು ಕಾಯೋದೇ ಅವಳಿಗೆ ಕೆಲಸ!” ಗಂಡ ಪೆಂಚೊ ಬಾಗಿಲಲ್ಲೇ ಗೊಣಗಿದ.

*

ರೊಡೋಪಿ ಗುಡ್ಡದ ಆ ಊರಲ್ಲಿ ಕೂಸಿನ ಬಾಯಿ ಬೆಳ್ಳಗಾಗಿ ಮೊಲೆ ಬಿಟ್ಟರೆ ತಾಯಂದಿರು ಸ್ತಾಮೆನಾಳ ಜಗಲಿಗೆ ಬರುತ್ತಿದ್ದರು. ಬೇಸಗೆಯಲ್ಲಿ ಅಕ್ಕತಂಗಿಯರಿಬ್ಬರೂ ಗುಡ್ಡ ಹತ್ತಿ ಕಾಡು ಓರೆಗಾನೊ ಸೊಪ್ಪು ಕೊಯ್ದು ತರುವರು. ಚಳಿಗಾಲವಿಡೀ ಅಟ್ಟ ಘಮ್ಮೆನ್ನುವುದು. ಕಪ್ಪಗೆ ಬತ್ತಿಸಿದ ಕಷಾಯದಲ್ಲಿ ಬಟ್ಟೆ ಅದ್ದಿ, ಬೆರಳಿಗೆ ಸುತ್ತಿಕೊಂಡು, ಸ್ತಾಮೆನಾ ಪ್ರಾರ್ಥನೆ ಹೇಳುತ್ತ ಕೂಸಿನ ನಾಲಿಗೆ ಒರೆಸುವಳು.

“ಈ ಬಿಳೀದೂ ಹುಳಿಹಿಟ್ಟಿನ ಜಾತೀದೇ ಕಣೇ. ಬೆಚ್ಚಗೆ, ಒದ್ದೆಯಾಗಿದ್ದ ಕಡೆ ಬೆಳೆಯುತ್ತೆ.”

“ನಿನ್ನ ಸೊಪ್ಪಿನ ನೀರಿಗೆ ಹೆದರುತ್ತಾ ಅದು? ವಾಸಿ ಮಾಡೋದು ಡಾಕ್ಟ್ರ ಮದ್ದು, ಹೆಸರು ನಿಂದು,” ಎಂದು ವೆಲಿಕಾ ಒಮ್ಮೆ ಎಲ್ಲರೆದುರೇ ನಕ್ಕಿದ್ದಳು.

“ಇರಬಹುದು. ಅದನ್ನೂ ಹಾಕ್ಲಿ. ವಾಸಿ ಮಾಡೋನು ಮೇಲಿದಾನೆ.” ಸ್ತಾಮೆನಾ ತಲೆಯೆತ್ತದೆ ಬಟ್ಟೆ ಹಿಂಡಿದ್ದಳು. ಆಮೇಲೆ ತಂಗಿಯನ್ನು ಗುಡ್ಡಕ್ಕೆ ಕರೆಯಲೇ ಇಲ್ಲ.

*

ಪಕ್ಕದ ಮನೆಯ ದೊಂಕಾ ಹಿತ್ತಲ ಬಾಗಿಲಲ್ಲಿ ಇಣುಕಿದಳು. ಕಂಕುಳಲ್ಲಿ ಮೊಮ್ಮಗಳು ಅಳುತ್ತಿದ್ದಳು.

“ವೆಲಿಕಕ್ಕ, ಇವತ್ತು ಕೇಳಬಾರದು. ಆದ್ರೆ ಕೂಸು ಹಾಲೇ ಕುಡೀತಿಲ್ಲ, ಡಾಕ್ಟ್ರು ಬರೋದು ನಾಳೆ. ಕಷಾಯ ಕಾಸಿಟ್ಟಿರ್ತೀನಿ, ಬಂದು ತಗೊಂಡೋಗು ಅಂದಿದ್ಲು ನಿನ್ನೆ ನಿಮ್ಮಕ್ಕ.”

“ಎಲ್ಲಿದೆಯಂತೆ?”

“ಒಲೆ ಮೇಲೆ, ನೀಲಿ ಪಾತ್ರೇಲಿ.”

ವೆಲಿಕಾ ಒಲೆಯತ್ತ ತಿರುಗಿದಳು. ಹಿಟ್ಟು ಕಲಸಲು ಬೆಚ್ಚನೆಯ ನೀರೆಂದು ಬಗ್ಗಿಸಿಕೊಂಡದ್ದು ಆ ಪಾತ್ರೆಯಿಂದಲೇ. ಕತ್ತಲಲ್ಲಿ ಬಣ್ಣ ಕಂಡಿರಲಿಲ್ಲ, ತವುಡು ಬೆರೆತ ಕಂದು ಹಿಟ್ಟಿನಲ್ಲಿ ಆಮೇಲೂ ಗೊತ್ತಾಗಿರಲಿಲ್ಲ. ಅತ್ತೂ ಅತ್ತೂ ಮೂಗು ಕಟ್ಟಿತ್ತು. ಈಗ ಹಿಟ್ಟಿನ ಚೂರೊಂದನ್ನು ನಾಲಿಗೆಗಿಟ್ಟಳು. ಕಹಿ, ಒಗರು, ಸಣ್ಣಗೆ ಖಾರ. ಗುಡ್ಡದ ಮೇಲಿನ ಬೇಸಗೆಗಳೆಲ್ಲ ಬಾಯಿಗೆ ಬಂದವು.

“ನಿನ್ನ ಸೊಪ್ಪಿನ ನೀರಿಗೆ ಹೆದರುತ್ತೆ ಕಣಕ್ಕಾ,” ಎಂದಳು ಕೋಣೆಯ ಕಡೆ ನೋಡಿ. “ಚೆನ್ನಾಗಿ ಹೆದರುತ್ತೆ.” ನಗು ಬಂತು, ನಗುತ್ತಲೇ ಅಳುವೂ ಬಂತು.

ಉಳಿದ ಕಷಾಯವನ್ನು ಸೀಸೆಗೆ ಬಗ್ಗಿಸಿ ದೊಂಕಾಳ ಕೈಗಿಟ್ಟಳು. ಅಷ್ಟರಲ್ಲಿ ಚರ್ಚಿನ ಗಂಟೆ ಬಡಿಯಿತು.

“ಇನ್ನೊಂದು ಕಲಸೋಕೆ ಹೊತ್ತಿಲ್ಲ. ಅಂಗಡಿಯಿಂದ ರೊಟ್ಟಿ ತರ್ಲಾ?” ಅಂದ ಪೆಂಚೊ.

“ಬೇಡ. ಇದನ್ನೇ ಸುಡ್ತೀನಿ. ಇದರಲ್ಲಿ ಅವಳ ಕೈಯೂ ಇದೆ,” ಅಂದು ವೆಲಿಕಾ ಶಿಲುಬೆಯ ಮರದ ಅಚ್ಚನ್ನು ಹಿಟ್ಟಿನ ಮೇಲೊತ್ತಿದಳು.

*

ಮಣ್ಣಾದ ಮೇಲೆ ಪಾದ್ರಿಗಳು ರೊಟ್ಟಿಯನ್ನು ಎತ್ತಿ ನೋಡಿದರು. “ಇದೇನಮ್ಮ, ಹಲಗೆ ಥರ ಇದೆ?”

“ಹಲ್ಲಿದ್ದೋರು ಅಗೀಲಿ ಸ್ವಾಮಿ, ಇಲ್ಲದೋರು ಚೀಪಲಿ,” ಅಂದಳು ವೆಲಿಕಾ.

ಹಿಂದೆ ಯಾರೋ ಕಿಸಕ್ಕೆಂದರು. ಪಾದ್ರಿಗಳು ಮಾತ್ರ ರೊಟ್ಟಿಯನ್ನೇ ನೋಡುತ್ತಿದ್ದರು. ಯಾವಾಗಲೂ ರೊಟ್ಟಿ ಉಬ್ಬಿ, ಮೇಲೊತ್ತಿದ ಶಿಲುಬೆಯ ಮುದ್ರೆ ಬಿರಿದು ಅಳಿಸಿಹೋಗುತ್ತಿತ್ತು. ಇವತ್ತು ಆ ಚಪ್ಪಟೆ ರೊಟ್ಟಿಯ ಮೇಲೆ ಶಿಲುಬೆ, ಸುತ್ತಲಿನ ಪುಟ್ಟ ಅಕ್ಷರಗಳ ಸಮೇತ, ಒಂದು ಗೆರೆಯೂ ಕೆಡದೆ ನಿಂತಿತ್ತು. ಮುರಿಯಲು ಹೋದ ಅವರ ಕೈ ಅರೆಗಳಿಗೆ ತಡೆದು ನಿಂತಿತು.