ಬಾತ್‌ರೂಮಿನಿಂದ ನೇರಪ್ರಸಾರ

ಚಿಲಕದ ಹಿಡಿ ಕೈಗೇ ಕಿತ್ತು ಬಂದು ನಾನು ಬಾತ್‌ರೂಮಿನಲ್ಲಿ ಸಿಕ್ಕಿಬಿದ್ದೆ. ಹೆಂಡತಿ ತನ್ನ ತಮ್ಮನಿಗೆ ಫೋನ್ ಮಾಡಿ, ಬೇಗ ಒಬ್ಬ ಬಡಗಿಯನ್ನು ಕರೆದುಕೊಂಡು ಬಾ ಎಂದಳು. ಪುಣ್ಯಾತ್ಮ ಬಡಗಿಯ ಜೊತೆ ಕ್ಯಾಮೆರಾವನ್ನೂ ತಂದ. ಟೀವಿ ವರದಿಗಾರ ನೋಡಿ, ಇನ್ನೇನು ತಂದಾನು!

ಹೊರಗೆ ಅಮ್ಮ ಅಳುತ್ತಿದ್ದಳು. ಮೊದಲೇ ಬೀಪಿ. ಸಮಾಧಾನ ಹೇಳೋಣವೆಂದರೆ, ಕ್ಯಾಮೆರಾಕ್ಕೆ ಅಡ್ಡ ಬರುತ್ತಾಳೆಂದು ಅವಳನ್ನು ನಡುಮನೆಗೆ ಸಾಗಿಸಿ ಟೀವಿ ಮುಂದೆ ಕೂರಿಸಿಬಿಟ್ಟಿದ್ದರು.

"ಲೋ, ಬಾಗಿಲು ತೆಗೆಸೋ! ಅಮ್ಮ ಅಳ್ತಿದಾಳೆ," ಎಂದು ಕೂಗಿದೆ.

"ಭಾವ, ನಿಮ್ಮ ಕಾಲಿಗೆ ಬೀಳ್ತೀನಿ, ಇನ್ನೊಂದು ಸ್ವಲ್ಪ ಹೊತ್ತು ಒಳಗೇ ಇರಿ," ಬಾಮೈದ ಬಾಗಿಲ ಸಂದಿಯಲ್ಲಿ ಪಿಸುಗುಟ್ಟಿದ. "ಈಗ ನಮ್ಮಲ್ಲಿ ಸುದ್ದಿ ಓದೋದು ಕಂಪ್ಯೂಟರ್ ಗೊಂಬೆ. ಅರ್ಧ ಜನಾನ ಮನೆಗೆ ಕಳಿಸಿದಾರೆ. ನೀವು ಒಳಗಿದ್ರೆ ನನ್ನ ಕೆಲಸ ಉಳಿಯುತ್ತೆ."

ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಹೆಂಡತಿಯ ತಮ್ಮ. ಹಾಳಾಗಲಿ ಎಂದು ಕಮೋಡಿನ ಮುಚ್ಚಳದ ಮೇಲೆ ಕೂತೆ.

ನಡುಮನೆಯ ಟೀವಿ ನನಗೂ ಕೇಳುತ್ತಿತ್ತು. ಸ್ಟುಡಿಯೋದಲ್ಲಿ ಚರ್ಚೆ ಶುರುವಾಗಿತ್ತು. ನಾನು ಒಳಗೆ ಹೋದ ಉದ್ದೇಶವಾದರೂ ಏನು ಎಂದು ನಿವೃತ್ತ ಪೊಲೀಸರೊಬ್ಬರು ಗುಡುಗಿದರು. ಸೋಪು ತಿಂದು ಎಷ್ಟು ಕಾಲ ಬದುಕಬಹುದೆಂದು ವೈದ್ಯರೊಬ್ಬರು ವಿವರಿಸಿದರು. ಥೂ! ಕೊನೆಗೆ ಗೊಂಬೆ, ಒಳಗೆ ಗಾಳಿ ಮುಗಿಯುತ್ತಿದೆ ಎಂದು ಓದಿತು. ಕಿಟಕಿ ಹಾರುಹೊಡೆದಿತ್ತು, ಪಕ್ಕದ ಮನೆ ಬೆಕ್ಕು ಬಂದು ನನ್ನನ್ನೇ ನೋಡುತ್ತ ಕೂತಿತ್ತು.

"ಅಯ್ಯೋ ನನ್ನ ಕಂದಾ!" ಅಮ್ಮ ಕಿರುಚಿದಳು.

ನಾನು ಎದ್ದು ಬಾಗಿಲು ಗುದ್ದಿದೆ. "ಯಾರ ಕೆಲಸಾನಾದ್ರೂ ಹೋಗ್ಲಿ, ಬಾಗಿಲು ಒಡೀರಿ!" ಎಂದು ಅರಚಿದೆ.

"ಜಾಹೀರಾತು ಬರ್ಲಿ ಸಾರ್," ಎಂದ ಬಡಗಿ. "ಅಲ್ಲೀವರೆಗೂ ಸದ್ದು ಮಾಡಬಾರ್ದಂತೆ."

ಅಂತೂ ಜಾಹೀರಾತು ಬಂತು, ಬಾಗಿಲು ಒಡೆಯಿತು. ಕ್ಯಾಮೆರಾ ಮಾತ್ರ ನನ್ನ ಕಡೆ ತಿರುಗಲಿಲ್ಲ. ನಾನು ಹೊರಬಂದದ್ದನ್ನು ತೋರಿಸಿದರೆ ಸುದ್ದಿಯೇ ಮುಗಿದುಹೋಗುತ್ತದಲ್ಲ! ಆಗಲೇ ಚಿತ್ರೀಕರಿಸಿಟ್ಟುಕೊಂಡಿದ್ದ ಮುಚ್ಚಿದ ಬಾಗಿಲ ದೃಶ್ಯವನ್ನೇ ಚಾನೆಲ್ಲಿನವರು ಮತ್ತೆ ಮತ್ತೆ ತೋರಿಸತೊಡಗಿದರು.

ನಾನು ನಡುಮನೆಗೆ ಓಡಿದೆ. ಅಮ್ಮನೆದುರು ಮಂಡಿಯೂರಿ ಕೂತು ಅವಳ ಎರಡೂ ಕೈ ಹಿಡಿದುಕೊಂಡೆ. ತಣ್ಣಗಾಗಿದ್ದವು.

"ಅಮ್ಮಾ, ಬಂದೆ. ನೋಡಿಲ್ಲಿ."

ಅಮ್ಮ ಕೈ ಬಿಡಿಸಿಕೊಂಡು ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಭುಜವನ್ನು ಮೆಲ್ಲಗೆ ಆಚೆಗೆ ತಳ್ಳಿದಳು.

"ಸ್ವಲ್ಪ ಪಕ್ಕಕ್ಕೆ ಸರಿಯಪ್ಪ, ನಿನಗೆ ಪುಣ್ಯ ಬರುತ್ತೆ. ಟೀವಿ ಕಾಣಿಸ್ತಿಲ್ಲ. ನನ್ನ ಮಗ ಒಳಗಿದಾನೆ."