ಹೆಬ್ಬೆರಳಿನ ಉಗುರು

ಕಾರು ಹತ್ತುವ ಮೊದಲೇ ಗಂಡ ಶುರು ಹಚ್ಚಿಕೊಂಡಿದ್ದ. ಮಾವನ ಬಲಗೈ ಹೆಬ್ಬೆರಳಿನ ಉಗುರು ಅಷ್ಟುದ್ದ ಬೆಳೆದಿದೆ, ಕತ್ತರಿಸಿಕೊಳ್ಳಲು ಹೇಳು, ಇಲ್ಲಿಯ ಜನ ಒಂಥರಾ ನೋಡುತ್ತಾರೆ ಎಂದು ಹೆಂಡತಿಯ ಕಿವಿ ಕಚ್ಚಿದ. ಎದ್ದರೆ ಕೂತರೆ ಇಲ್ಲಿಯ ಜನ! ಪರದೇಶಕ್ಕೆ ಬಂದ ಆರು ವರ್ಷದಲ್ಲಿ, ಹೋಟೆಲಿನ ರಿಸೆಪ್ಷನ್ನಿನಲ್ಲಿ ನಿಂತೂ ನಿಂತೂ, ಈ ಮನುಷ್ಯನ ಬೆನ್ನು ತಾನಾಗಿಯೇ ಬಗ್ಗುವುದನ್ನು ಕಲಿತುಬಿಟ್ಟಿತ್ತು. ಅವಳು ಆಸ್ಪತ್ರೆಯ ನರ್ಸು, ಸತತ ಆರು ದಿನ ಪಾಳಿ ಮಾಡಿ ಬಂದವಳು. ಮಗಳನ್ನು ಹಿಂದಿನ ಸೀಟಿಗೆ ಹತ್ತಿಸಿದಳು.

ಅದು ಜಗಳ ಆಡುವ ದಿನವೂ ಆಗಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ ಅಪ್ಪನನ್ನು ಕಾಡಿ ಬೇಡಿ ಕರೆಸಿಕೊಂಡಿದ್ದಳು. ವಾಪಸು ಹೋಗುವ ಟಿಕೆಟ್ಟಿಗೆ ಇನ್ನು ಒಂಬತ್ತು ದಿನ. ನಮ್ಮ ಜೊತೆಗೇ ಇದ್ದುಬಿಡಪ್ಪಾ ಎಂದರೆ ನೋಡೋಣ ಎನ್ನುತ್ತಿದ್ದ. ಆ ನೋಡೋಣವನ್ನು ಹೂಂ ಮಾಡಿಸಲು ಅವಳಿಗೆ ಹೊಳೆದ ಉಪಾಯವೇ ಇನ್ನೂರು ವರ್ಷ ಹಳೆಯ ಈ ಸಸ್ಯೋದ್ಯಾನ. ನಲವತ್ತು ವರ್ಷ ಸರ್ಕಾರಿ ತೋಟದಲ್ಲಿ ಕಸಿ ಕಟ್ಟಿದವನಿಗೆ ಬೇರೇನು ತೋರಿಸಿ ಮನಸ್ಸು ಕರಗಿಸುವುದು?

ಉಪಾಯ ಫಲಿಸಿತು. ಏಳು ವರ್ಷದ ಮೊಮ್ಮಗಳ ಕೈ ಹಿಡಿದು, ಮರಮರದ ತೊಗಟೆ ಸವರುತ್ತಾ ಅಪ್ಪ ಮೂರು ವಾರದಲ್ಲಿ ಮೊದಲ ಸಲ ತಾನಾಗಿ ಮಾತಾಡಿದ. ಇಲ್ಲಿಗೆ ವಾರವಾರ ಬರಬಹುದಾ ಎಂದೂ ಕೇಳಿದ. ಅವಳ ಜೀವ ಹಗುರವಾಯಿತು.

ಗಾಜಿನ ಮನೆಯ ಹಿಂದೆ ಕಸಿ ಗಿಡಗಳ ಸಾಲಿತ್ತು. ಕಸಿ ಕೂಡಿಕೊಂಡು ತಿಂಗಳುಗಳೇ ಆಗಿದ್ದರೂ ಸುತ್ತಿದ್ದ ಪ್ಲಾಸ್ಟಿಕ್ ಪಟ್ಟಿಯನ್ನು ಯಾವ ಪುಣ್ಯಾತ್ಮನೂ ಬಿಚ್ಚಿರಲಿಲ್ಲ. ಪಟ್ಟಿ ಕಾಂಡವನ್ನು ಹಿಂಡಿ, ಮೇಲೂ ಕೆಳಗೂ ತೊಗಟೆ ಊದಿಕೊಂಡಿತ್ತು. ಅಯ್ಯೋ ಪಾಪ, ಕತ್ತು ಹಿಸುಕಿಬಿಟ್ಟಿದ್ದಾರಲ್ಲ ಎಂದವನೇ ಅಪ್ಪ ಅಡ್ಡ ಕಟ್ಟಿದ್ದ ಹಗ್ಗ ದಾಟಿ ಮಂಡಿಯೂರಿ ಕೂತು, ಹೆಬ್ಬೆರಳಿನ ಉಗುರಿನಿಂದ ಪಟ್ಟಿಯನ್ನು ಸೀಳಿದ. ತೊಗಟೆಗೆ ಒಂದು ಗೀರೂ ಬೀಳಲಿಲ್ಲ. ಆ ಉಗುರು ಇದ್ದದ್ದೇ ಅದಕ್ಕೆ. ಮೂರನೆಯ ಗಿಡಕ್ಕೆ ಕೈ ಹಾಕುವಷ್ಟರಲ್ಲಿ ಕಾವಲಿನವನು ಓಡಿ ಬಂದ.

ಅವಳು ಬಾಯಿ ತೆರೆಯುವ ಮೊದಲೇ ಗಂಡ ಇಲ್ಲಿಯ ಭಾಷೆಯಲ್ಲಿ ಗಡಗಡ ಒದರಿದ. ಕಾವಲಿನವನ ಗಂಟುಮುಖ ಸಡಿಲಾಗಿ ಕನಿಕರ ಮೂಡಿತು. ಆ ಕನಿಕರ ನೋಡಿ ಅವಳ ಮೈಯೆಲ್ಲ ಉರಿದುಹೋಯಿತು. ಥೂ, ಬಾಯಿ ತುಂಬ ಬೈಸಿಕೊಂಡಿದ್ದರೂ ವಾಸಿಯಿತ್ತು.

ಅಪ್ಪನಿಗೆ ಈ ಭಾಷೆ ಬಾರದು. ಅಂಗಡಿಯಲ್ಲಿ, ಬಸ್ಸಿನಲ್ಲಿ ಮೊಮ್ಮಗಳೇ ಅವನಿಗೆ ಕಿವಿ, ಬಾಯಿ. ಯಾರು ಏನೆಂದರೂ ಒಂದಕ್ಷರ ಬಿಡದೆ ಅಜ್ಜನಿಗೆ ಹೇಳಬೇಕು ಎಂದು ಮಗಳಿಗೆ ಕಲಿಸಿದವಳು ಅವಳೇ. ಅಪ್ಪ ಏನಂತೆ ಎಂದು ಕೇಳಿದ. ಮಗು ಕಲಿಸಿದಂತೆಯೇ ಮಾಡಿತು.

‘ಅಜ್ಜಾ, ನಿಂಗೆ ತಲೆ ಸರಿಯಿಲ್ಲ ಅಂತ ಹೇಳಿದ್ರು ಅಪ್ಪ. ಇನ್ಮೇಲೆ ನಿನ್ನ ಹೊರಗೆ ಕರ್ಕೊಂಡು ಬರಲ್ವಂತೆ.’

ಅಪ್ಪ ಮೆಲ್ಲಗೆ ಎದ್ದು ಮಂಡಿಯ ಮಣ್ಣು ಕೊಡವಿಕೊಂಡ. ಅವಳು ಗಂಡನನ್ನು ಪಕ್ಕಕ್ಕೆ ತಳ್ಳಿ, ನನ್ನಪ್ಪನ ತಲೆ ನೆಟ್ಟಗಿದೆ, ಗಿಡ ನೋಡಿಕೊಳ್ಳುವವರನ್ನು ಕರೆಸು ಎಂದು ಪಟ್ಟು ಹಿಡಿದಳು. ತೋಟದವಳೊಬ್ಬಳು ಬಂದು ಸೀಳಿದ ಪಟ್ಟಿ ನೋಡಿದಳು, ಊದಿದ ತೊಗಟೆ ನೋಡಿದಳು. ಮುಖ ಕೆಂಪಗಾಗಿ, ಚಾಕು ತೆಗೆದು ಮಿಕ್ಕ ಗಿಡಗಳ ಪಟ್ಟಿಯನ್ನು ತಾನೇ ಬಿಡಿಸತೊಡಗಿದಳು. ಅಪ್ಪ ಅದನ್ನು ನೋಡಲು ನಿಲ್ಲಲಿಲ್ಲ.

ಕಾರಿನಲ್ಲಿ ಅವಳು ಹಿಂದೆ ಅಪ್ಪನ ಪಕ್ಕ ಕೂತು ದಾರಿಯುದ್ದಕ್ಕೂ ಗಂಡನಿಗೆ ಮಂಗಳಾರತಿ ಎತ್ತಿದಳು. ಅವನದೂ ಒಂದೇ ರಾಗ. ಪೊಲೀಸು ಗಿಲೀಸು ಅಂತ ಆಗಬಾರದಲ್ಲ, ಬಾಯಿಗೆ ಬಂದದ್ದು ಹೇಳಿ ಪಾರು ಮಾಡಿದೆ. ಮಾವ, ನೀವಾದರೂ ಇವಳಿಗೆ ಹೇಳಿ ಎಂದು ಕನ್ನಡಿಯಲ್ಲಿ ನೋಡಿದ.

‘ನೀವು ಒಳ್ಳೇದಕ್ಕೇ ಹೇಳಿದ್ದು ಅಳಿಯಂದಿರೇ, ನಂಗೆ ಗೊತ್ತಾಗುತ್ತೆ,’ ಎಂದ ಅಪ್ಪ. ಬೆರಳು ಮಡಚಿ ಉಗುರನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಿದ್ದ. ‘ಪುಟ್ಟೀ, ಮನೆಗೆ ಹೋದ್ಮೇಲೆ ಉಗುರು ಕತ್ತರಿ ಹುಡುಕಿ ಕೊಡ್ತೀಯಾ ಕಂದಾ? ಇನ್ನೂ ಒಂಬತ್ತು ದಿನ ಇರ್ಬೇಕಲ್ಲ ನಾನು.’

ಬೆಳಗ್ಗೆ ಗಂಡ ಕಿವಿ ಕಚ್ಚಿದ್ದು ಅಪ್ಪನಿಗೂ ಕೇಳಿಸಿತ್ತು. ಮದುವೆಯಾದಂದಿನಿಂದ ಗಂಡನನ್ನು ರೀ ಎನ್ನುತ್ತಿದ್ದವಳು ಮುಂದಿನ ಸೀಟಿಗೆ ಕೈಯಿಂದ ಗುದ್ದಿದಳು.

‘ನಿಲ್ಸೋ ಕಾರು.’