ಹರಕೆ ತೀರಿಸಿದ ಮೇಲೆ

ಕೊಳ್ಳೇಗಾಲದ ಸ್ಕ್ಯಾನಿಂಗ್ ಸೆಂಟರೊಂದರಲ್ಲಿ ಹೆಸರು ಕೂಗುವ ಕೆಲಸ ನನ್ನದು. ಆರು ವರ್ಷದಲ್ಲಿ ಡಾಕ್ಟರ ಮುಖ ಓದುವುದನ್ನು ಕಲಿತಿದ್ದೇನೆ. ಇವತ್ತು, ಯಾಕಾದರೂ ಕಲಿತೆನೋ ಅನ್ನಿಸಿತು. ಮಂಚದ ಮೇಲಿದ್ದವನು ಅಜ್ಜೀಪುರದ ಮುತ್ತಯ್ಯ, ನನ್ನ ಸೋದರಮಾವ.

ಕುಡಿದು ಕುಡಿದು ಮಾವನ ಲಿವರ್ ಕಲ್ಲಾಗಿತ್ತು. ಎರಡು ವರ್ಷದ ಹಿಂದೆ ಕುಡಿತ ಬಿಟ್ಟ, ಚೇತರಿಸಿಕೊಂಡ. ಆದರೂ ಅಂಥ ಲಿವರಿನಲ್ಲಿ ಕ್ಯಾನ್ಸರ್ ಗಂಟು ಯಾವಾಗ ಬೇಕಾದರೂ ಹುಟ್ಟಬಹುದು, ಸಣ್ಣದಿದ್ದಾಗಲೇ ಸಿಕ್ಕರೆ ಉಳಿಸಬಹುದು, ಆರು ತಿಂಗಳಿಗೊಮ್ಮೆ ತಪ್ಪದೆ ಬನ್ನಿ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಮೊದಲ ಸಲ ನೋಡಿದಾಗ ಏನೂ ಇರಲಿಲ್ಲ. ಅತ್ತೆ ಗೋವಿಂದಮ್ಮ ಮಾದಪ್ಪನಿಗೆ ಹರಕೆ ಹೊತ್ತಿದ್ದಳಂತೆ. ಅದೇ ವಾರ ಗಂಡ ಹೆಂಡತಿ ಬೆಟ್ಟಕ್ಕೆ ನಡೆದು ಹೋಗಿ ಮುಡಿ ಕೊಟ್ಟು ಬಂದರು.

ಆರು ತಿಂಗಳಾದ ಮೇಲೆ ಫೋನ್ ಮಾಡಿದೆ.

"ಅರಕೆ ತೀರಿಸ್ಬುಟ್ಟಿವಿ ಕಣವ್ವಾ," ಎಂದಳು ಅತ್ತೆ. "ಮಾದಪ್ಪ ವಾಸಿ ಮಾಡವ್ನೆ. ಈಗ ಪುನಾ ಮಿಷನ್ ಇಟ್ಟು ನೋಡುದ್ರೆ ಅವನ್ ಮ್ಯಾಲೆ ಅನುಮಾನ ಪಟ್ಟಂಗಾಯ್ತದೆ."

ಮೈಯೆಲ್ಲ ಉರಿದುಹೋಯಿತು. ಆದರೆ ಬಲವಂತ ಮಾಡಲಿಲ್ಲ. ಕರೆಸಿ, ಏನಾದರೂ ಕಂಡರೆ, ಮಾದಪ್ಪನನ್ನು ಕೆಣಕಿದವಳು ನಾನೇ, ಈ ರತ್ನಳೇ ಅನ್ನುತ್ತಾರೆಂದು ಹೆದರಿದೆ. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೇ ದೇವರ ಭಯ. ಮತ್ತೆ ಫೋನ್ ಮಾಡಲಿಲ್ಲ.

ಅದಾಗಿ ವರ್ಷ ಕಳೆದು, ಮಾವನ ಹೊಟ್ಟೆ ಉಬ್ಬಿ, ಕಣ್ಣು ಹಳದಿಯಾದ ಮೇಲೆ ಇವತ್ತು ಬಂದರು. ಡಾಕ್ಟರು ಜೆಲ್ ಹಚ್ಚಿ, "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ," ಎಂದರು. ಪರದೆಯಲ್ಲಿ ಹೊಟ್ಟೆಯೊಳಗೆ ತುಂಬಿಕೊಂಡ ನೀರಿನ ಕಪ್ಪು, ಅದರ ನಡುವೆ ಮುದುಡಿದ ಲಿವರು, ಲಿವರಿನೊಳಗೆ ಕಿತ್ತಳೆ ಹಣ್ಣಿನಷ್ಟು ಗಂಟು. ಪಕ್ಕದ ರಕ್ತನಾಳಕ್ಕೂ ನುಗ್ಗಿತ್ತು. ಉಸಿರು ಬಿಡಿ ಎನ್ನುವುದನ್ನೇ ಡಾಕ್ಟರು ಮರೆತರು. "ಬಿಡು ಮಾವ," ಎಂದು ನಾನೇ ಹೇಳಿದೆ.

ಹೊರಗೆ ಬಂದು ಬೆಂಚಿನ ಮೇಲಿದ್ದ ಅತ್ತೆಗೆ ಹೇಳಿದೆ. ಹೇಳುತ್ತ ಹೇಳುತ್ತ ಸಿಟ್ಟು ನೆತ್ತಿಗೇರಿತು. "ಟೈಮಿಗೆ ಸರ್ಯಾಗಿ ಬಂದಿದ್ರೆ ನೆಲ್ಲಿಕಾಯಷ್ಟಿದ್ದಾಗ್ಲೆ ಸಿಕ್ತಿತ್ತು ಕಣತ್ತೆ. ಸೂಜಿ ಚುಚ್ಚಿ ಗಂಟ್ನ ಅಲ್ಲೇ ಸುಟ್ಟಾಕ್ಬೋದಿತ್ತು. ನೀನೇ ಕೊಂದೆ!"

ಅತ್ತೆ ಅಳಲಿಲ್ಲ. ನನ್ನ ಮುಖವನ್ನೇ ನೋಡಿದಳು.

"ನಾನು ಓದ್ದೋಳಲ್ಲ, ದೇವ್ರು ಅಂದೆ. ನಿಂಗೆ ಗೊತ್ತಿತ್ತಲ್ಲವ್ವಾ? ಊರ್ಗೆ ಬಂದು, ನನ್ ಕಪಾಳಕ್ಕೆ ಒಡ್ದು, ನಿಮ್ ಮಾವುನ್ನ ಎಳ್ಕಂಡೋಗ್ಬೇಕಾಗಿತ್ತು. ಒಂದೇ ಸಲ ಫೋನ್ ಮಾಡ್ಬುಟ್ಟು ಯಾಕವ್ವಾ ಸುಮ್ಕಾದೆ?"

ಅಷ್ಟರಲ್ಲಿ ಮಾವ ಪಂಚೆ ಬಿಗಿದುಕೊಳ್ಳುತ್ತ ಬಾಗಿಲಿಗೆ ಬಂದ. "ಏನಂದ್ರವ್ವಾ ಡಾಕ್ಟ್ರು?" ಎಂದು ಹೆಂಡತಿಯನ್ನಲ್ಲ, ನನ್ನನ್ನು ಕೇಳಿದ.

ನಾನು ಮತ್ತೆ ಸುಮ್ಮನಾದೆ.